ಮೂವತ್ತೇಳನೆಯ ವಿಡಿಯೊ

ಟಿವಿಯಲ್ಲಿ ರಿಪೇರಿ ಅಂಗಡಿಯ ಕೋ ಶೀಫು ಮಾತಾಡುತ್ತಿದ್ದ. ತುಟಿ ಆಡುತ್ತಿತ್ತು, ಹುಬ್ಬು ಏರಿ ಇಳಿಯುತ್ತಿತ್ತು, ನಡುವೆ ಒಮ್ಮೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಇಷ್ಟಾದರೂ ಬೀಶಿಯಾಳಿಗೆ ಕೇಳಿಸಿದ್ದು ಬಾವಿಯ ತಳದಲ್ಲಿ ಯಾರೋ ಪಿಸುಗುಟ್ಟಿದಂಥ ಸದ್ದು ಮಾತ್ರ.

ರಿಮೋಟ್ ಹಿಡಿದು ಟಿವಿಯ ಸದ್ದನ್ನು ನೂರಕ್ಕೆ ಏರಿಸಿದಳು. ಸುಯ್ ಎಂಬ ಗಾಳಿಸದ್ದು ಜೋರಾಯಿತು. ಅದರ ಒಳಗಿಂದ ಒಂದೇ ಒಂದು ಮಾತು ನುಸುಳಿ ಬಂತು: "...ಶನಿವಾರ..."

ಆಮೇಲೆ ಆತ ಜೇಬಿನಿಂದ ರೈಲು ಟಿಕೆಟ್ ತೆಗೆದು ತೋರಿಸಿದ. ತಲೆ ತಗ್ಗಿಸಿ ವಂದಿಸಿದ. ವಿಡಿಯೊ ಮುಗಿಯಿತು.

ಬೀಶಿಯಾಳ ಎದೆ ಧಸಕ್ಕೆಂದಿತು. ಬೆಳಿಗ್ಗೆ ಸೊಪ್ಪು ತರಲು ಹೋದಾಗ ಅವನ ಅಂಗಡಿಯ ಷಟರ್ ಮೇಲೆ ಅಂಟಿಸಿದ್ದ ಚೀಟಿ ನೋಡಿದ್ದಳು. "ಶನಿವಾರದಿಂದ ಅಂಗಡಿ ಇಲ್ಲ." ಎಲ್ಲಿಯವರೆಗೆ ಎಂದು ಬರೆದಿರಲಿಲ್ಲ. ದೂರದ ತೈತುಂಗ್ ಊರಿನಲ್ಲಿ ಅವನ ಅಕ್ಕ ಇದ್ದಾಳೆ, ಒಂಟಿ ಗಂಡಸು, ಅಲ್ಲೇ ಇದ್ದುಬಿಡುತ್ತಾನಂತೆ ಎಂದು ಸೊಪ್ಪಿನವಳು ಹೇಳಿದ್ದಳು. ಇವತ್ತು ಗುರುವಾರ.

ತೈನಾನ್‌ನ ಆ ಗಲ್ಲಿಯ ಈ ತುದಿಯಲ್ಲಿ ಬೀಶಿಯಾಳ ಹೊಲಿಗೆ ಅಂಗಡಿ. ಶಾಲೆಯ ಮಕ್ಕಳ ಅಂಗಿಗಳ ಮೇಲೆ ಹೆಸರು, ನಂಬರು ಕಸೂತಿ ಹಾಕಿಕೊಡುತ್ತಿದ್ದಳು. ವಯಸ್ಸು ಐವತ್ತೊಂದು, ಮದುವೆಯ ಮಾತು ಬಂದು ಹೋಗಿ ಬಹಳ ಕಾಲವಾಗಿತ್ತು. ಆ ತುದಿಯಲ್ಲಿ ಕೋ ತಿಯೆನ್‌ಫು ಫ್ಯಾನು, ಕುಕ್ಕರು, ಟಿವಿ ರಿಪೇರಿ ಮಾಡುತ್ತಿದ್ದ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಕಸುಬು ಬಲ್ಲವನೆಂದು ಗಲ್ಲಿಯವರೆಲ್ಲ ಅವನನ್ನು ಶೀಫು ಎಂದೇ ಕರೆಯುತ್ತಿದ್ದರು.

ಈ ವರ್ಷ ಆತ ತನ್ನ ಕೆಲಸದ ಅಂಗಿಗಳ ಮೇಲೆ ಹೆಸರು ಹಾಕಿಸಿಕೊಳ್ಳಲು ಬರತೊಡಗಿದ್ದ. ಆರು ಅಂಗಿ. ಒಟ್ಟಿಗೆ ತರಲಿಲ್ಲ, ತಿಂಗಳಿಗೊಂದು ತಂದ.

"ಒಬ್ಬನೇ ಕೆಲಸ ಮಾಡೋ ಅಂಗಡೀಲಿ ಹೆಸರು ಯಾಕಂತೆ? ತನ್ನ ಹೆಸರು ತಾನೇ ಮರೆತುಹೋಗ್ತಾನಾ?" ಎಂದು ಅಮ್ಮ ನಗುತ್ತಿದ್ದಳು.

ಅಮ್ಮನಿಗೆ ಎಂಬತ್ತಮೂರು. ಹಳೆಯ ಧಾರಾವಾಹಿಗಳೆಂದರೆ ಪ್ರಾಣ. ಶೀಫು ಅವನ್ನೆಲ್ಲ ಹುಡುಕಿ ಪೆನ್‌ಡ್ರೈವ್‌ಗೆ ತುಂಬಿ ಕೊಡುತ್ತಿದ್ದ. ನೋಡಿ ಮುಗಿಸಿ ಶುಕ್ರವಾರ ಅದನ್ನು ಹಿಂತಿರುಗಿಸುವುದು, ಹೊಸದು ತರುವುದು ರೂಢಿ. ಈ ಸಲ ಮೂವತ್ತಾರು ಕಂತುಗಳ ಕೆಳಗೆ ಮೂವತ್ತೇಳನೆಯದೊಂದು ಇತ್ತು. ಅದರ ಹೆಸರು: "ಬೀಶಿಯಾಗೆ."

"ಏನಂತೆ ಅವನು?" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಕೇಳಿಸ್ತಿಲ್ಲಮ್ಮ."

"ಕೆಳಗೆ ಅಕ್ಷರ ಓದೇ."

"ಅವರ ಮಾತಿಗೆ ಅಕ್ಷರ ಹಾಕೋರು ಯಾರಮ್ಮ?"

ನಮ್ಮ ತೈನಾನ್ ಕಡೆ ಟಿವಿಯನ್ನು ಕೇಳುವವರಿಗಿಂತ ಓದುವವರೇ ಹೆಚ್ಚು. ಯಾವ ಕಾರ್ಯಕ್ರಮವಾದರೂ ತೆರೆಯ ಕೆಳಗೆ ಮಾತೆಲ್ಲ ಅಕ್ಷರವಾಗಿ ಹರಿಯುತ್ತಿರುತ್ತದೆ. ಸದ್ದು ಇದೆಯೋ ಇಲ್ಲವೋ ಎಂದು ಈ ಮನೆಯಲ್ಲಿ ಯಾರೂ ಗಮನಿಸಿಯೇ ಇರಲಿಲ್ಲ.

ಬೀಶಿಯಾ ಟಿವಿಯ ಹಿಂದೆ ಬಗ್ಗಿ ವೈರುಗಳನ್ನು ಕಿತ್ತು ಸಿಕ್ಕಿಸಿದಳು. ಟಿವಿಯ ಪಕ್ಕದಲ್ಲಿದ್ದ, ಪೆನ್‌ಡ್ರೈವ್ ಸಿಕ್ಕಿಸುವ ಪ್ಲೇಯರ್ ಡಬ್ಬಿಯ ಧೂಳು ಒರೆಸಿದಳು, ಆರಿಸಿ ಹಚ್ಚಿದಳು. ಕೊನೆಗೆ ಸ್ಪೀಕರಿಗೆ ಕಿವಿಯಿಟ್ಟಳು. ಅವನ ದನಿ ಕೆನ್ನೆಗೆ ಸಣ್ಣಗೆ ಕಚಗುಳಿ ಇಟ್ಟಿತೇ ಹೊರತು ಮಾತಾಗಲಿಲ್ಲ.

ತಿರುಗಿ ನೋಡುವಷ್ಟರಲ್ಲಿ ಅಮ್ಮ ಫೋನಿನಲ್ಲಿದ್ದಳು. "ಶೀಫು, ನಮ್ಮ ಟಿವಿ ಮೂಗಿ ಆಗಿದೆ. ಬೇಗ ಬಾಪ್ಪ. ಬೀಶಿಯಾ ನಿನ್ನೇ ಕಾಯ್ತಿದಾಳೆ."

"ಅಮ್ಮಾ!"

"ಸುಳ್ಳಾ?"

ಐದೇ ನಿಮಿಷದಲ್ಲಿ ಆತ ಬಂದ. ಆರನೆಯ ಅಂಗಿ ತೊಟ್ಟಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಕಿವಿ ಎರಡೂ ಕೆಂಪಾಗಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವಳ ಮುಖವನ್ನು ಒಂದು ಕ್ಷಣ ನೋಡಿ, ತಟ್ಟನೆ ನೆಲ ನೋಡಿದ.

ಬೀಶಿಯಾ ಗಾಬರಿಯಲ್ಲಿ ಪೆನ್‌ಡ್ರೈವ್ ಕಿತ್ತು ಅವನ ಕೈಗಿಟ್ಟಳು. "ತಗೊಳ್ಳಿ."

ಅವನ ಮುಖದ ಬೆಳಕು ಆರಿಹೋಯಿತು. ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. "ಅರ್ಥ ಆಯ್ತು," ಎಂದು ಮೆಲ್ಲಗೆ ಹೇಳಿ ಚಪ್ಪಲಿಗೆ ಕಾಲು ಹಾಕಿದ. "ಬೇಜಾರು ಮಾಡ್ಕೋಬೇಡಿ. ನಾನು ಕೇಳಬಾರದಿತ್ತು."

"ಏನರ್ಥ ಆಯ್ತು?" ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಟಿವಿ ನೋಡದೆ ಎಲ್ಲಿಗೆ ಹೊರಟೆ?"

"ಅದರಲ್ಲೇ ಏನೋ ತೊಂದರೆ ಇರಬಹುದು ಅಂತ ಕೊಟ್ಟೆ," ಎಂದಳು ಬೀಶಿಯಾ. "ನೀವು ಏನು ಹೇಳಿದ್ರೋ ಒಂದಕ್ಷರಾನೂ ಕೇಳಿಸಲಿಲ್ಲ ಶೀಫು. ಬರೀ ಬಾಯಿ ಆಡ್ತಿತ್ತು. ಶನಿವಾರ ಅಂದದ್ದು ಬಿಟ್ಟರೆ..."

ಆತ ಅಲ್ಲೇ ನಿಂತ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

"ಒಂದಕ್ಷರಾನೂ?"

"ಒಂದೂ ಇಲ್ಲ."

ನಗುವೋ ನಿಟ್ಟುಸಿರೋ ತಿಳಿಯದಂಥದೊಂದು ಅವನಿಂದ ಹೊರಬಂತು. ಚಪ್ಪಲಿ ಬಿಟ್ಟು ಒಳಗೆ ಬಂದು ಟಿವಿಯ ಮುಂದೆ ಕೂತ. ಪೆನ್‌ಡ್ರೈವನ್ನು ಡಬ್ಬಿಗೆ ಮತ್ತೆ ಸಿಕ್ಕಿಸಿ ಒಂದು ಧಾರಾವಾಹಿ ಹಚ್ಚಿದ. ಅದರ ದನಿಯೂ ಬಾವಿಯೊಳಗೇ ಇತ್ತು. ಮಾಮೂಲಿ ಚಾನೆಲ್ ಹಾಕಿದ. ವಾರ್ತೆ ಓದುವವಳು ಮನೆ ನಡುಗುವಂತೆ ಕಿರುಚಿದಳು. ಅಮ್ಮ ಬೆಚ್ಚುವ ಮೊದಲೇ ಆತ ಟಿವಿಯ ಸದ್ದನ್ನು ಇಪ್ಪತ್ತಕ್ಕೆ ಇಳಿಸಿದ್ದ.

"ಟಿವಿ ಚೆನ್ನಾಗಿದೆ. ಡಬ್ಬಿಗೆ ಅದರದೇ ಬೇರೆ ಸದ್ದು ಇರುತ್ತೆ. ಅಲ್ಲೇ ಕಡಿಮೆ ಇದ್ರೆ ಟಿವಿ ಎಷ್ಟು ಏರಿಸಿದ್ರೂ ಗಾಳಿನೇ ಬರೋದು." ಡಬ್ಬಿಯ ಸೆಟ್ಟಿಂಗ್ಸ್ ತೆರೆದ. ಪ್ಲೇಯರ್ ಸದ್ದು: ನೂರಕ್ಕೆ ನಾಲ್ಕು. "ಅಯ್ಯೋ, ನಾಲ್ಕಾ! ಯಾವ ಪುಣ್ಯಾತ್ಮ ಇಟ್ಟದ್ದು ಇದನ್ನ?"

ಬೀಶಿಯಾಳಿಗೆ ಆಗ ನೆನಪಾಯಿತು.

"ನೀವೇ."

ಎರಡು ವರ್ಷದ ಹಿಂದೆ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಇದೇ ಕೋಣೆಯಲ್ಲಿ ಮಂಚ ಹಾಕಿದ್ದರು. ನೋವಿಗೆ ನಿದ್ದೆಯಿಲ್ಲ, ಹತ್ತಿದರೂ ಸೂಜಿ ಬಿದ್ದರೆ ಎಚ್ಚರ. ರಾತ್ರಿಯೆಲ್ಲ ಕೂತಿರುವ ಮಗಳಿಗೂ ಕಣ್ಣಿಗೊಂದು ಆಸರೆ ಬೇಕಲ್ಲ ಎಂದು ಆ ಡಬ್ಬಿ ತಂದು ಕೂರಿಸಿದವನು ಶೀಫು. ಅಮ್ಮ ಎಚ್ಚರಗೊಳ್ಳದಂತೆ ಸದ್ದನ್ನು ನಾಲ್ಕಕ್ಕೆ ಇಟ್ಟು, "ಓದ್ಕೊಳ್ಳಿ, ಸಾಕು," ಎಂದು ಸನ್ನೆ ಮಾಡಿದ್ದ. ಹೋಗುವಾಗ ಕುರ್ಚಿಯನ್ನು ಎಳೆಯಲಿಲ್ಲ. ಎರಡು ಕೈಯಲ್ಲಿ ಎತ್ತಿ ಗೋಡೆಗಿಟ್ಟು ಹೋದ. ಅಂದಿನಿಂದ ಅವಳಿಗೆ ಅವನ ಹೆಜ್ಜೆಯ ಸದ್ದು ಬೇರೆಯಾಗಿ ಕೇಳಿಸುತ್ತಿತ್ತು.

ಅಮ್ಮ ಎದ್ದು ಓಡಾಡಿದಳು. ಮಂಚ ಒಳಗೆ ಹೋಯಿತು. ನಾಲ್ಕು ನಾಲ್ಕಾಗಿಯೇ ಉಳಿಯಿತು.

"ನನ್ನ ಬಾಯಿ ನಾನೇ ಮುಚ್ಕೊಂಡಿದ್ದೆ ಅನ್ನಿ," ಎಂದ ಆತ. ಇಬ್ಬರೂ ಒಟ್ಟಿಗೆ ನಕ್ಕರು. ಆತ ಡಬ್ಬಿಯ ಸದ್ದನ್ನು ಒಂದೊಂದೇ ಗೆರೆ ಏರಿಸಿ ಎದ್ದುನಿಂತ. "ಸರಿಹೋಯ್ತು. ನಾನು ಹೋದಮೇಲೆ ನೋಡಿ."

"ರಿಪೇರಿ ಆಯ್ತೋ ಇಲ್ಲವೋ ಪರೀಕ್ಷೆ ಮಾಡದೆ ಹೋಗೋರು ಯಾವ ಸೀಮೆ ಶೀಫು? ಕೂತ್ಕೊಳ್ಳಿ."

ಸೀಬೆಹಣ್ಣು ಹೆಚ್ಚಿ ತರುತ್ತೇನೆಂದು ಅಮ್ಮ ಅಡಿಗೆಮನೆಗೆ ಹೋದಳು. ಬೀಶಿಯಾಳೇ ಮೂವತ್ತೇಳನೆಯದನ್ನು ಒತ್ತಿದಳು.

ತೆರೆಯ ಮೇಲಿನವನು ಗಂಟಲು ಸರಿಮಾಡಿಕೊಂಡ. ಕೆಳಗೆ ಕೂತವನು ಮೊಣಕಾಲ ಮೇಲೆ ಕೈಯಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಚಾಪೆಯ ಎಳೆ ನೋಡುತ್ತಿದ್ದ.

"ಬೀಶಿಯಾ ಅವರೇ. ಎದುರಿಗೆ ನಿಂತರೆ ನನಗೆ ಅಂಗಿ ವಿಷಯ ಬಿಟ್ಟು ಬೇರೆ ಬಾಯಿಗೆ ಬರಲ್ಲ. ಈಗ ಅಂಗಿಗಳೂ ಮುಗಿದುಹೋದ್ವು. ಶಾಲೆ ಶುರುವಾಗಿ ನಿಮ್ಮ ಕೆಲಸದ ಗಡಿಬಿಡಿ ಇಳೀಲಿ ಅಂತ ಕಾದೆ. ಶನಿವಾರ ತೈತುಂಗ್‌ಗೆ ಹೋಗ್ತಿದೀನಿ. ಗುಡ್ಡದ ತುಂಬ ಕಿತ್ತಳೆ ಬಣ್ಣದ ಹೂ ಬಿಟ್ಟಿದೆಯಂತೆ. ಅಕ್ಕ ಇಲ್ಲೇ ಬಂದು ಇರು ಅಂತಾಳೆ. ನನಗೆ ಈ ಗಲ್ಲಿ ಬಿಡೋ ಮನಸ್ಸಿಲ್ಲ. ಯಾಕೆ ಅಂತ ನಿಮಗೆ ಗೊತ್ತಿರಬಹುದು. ಎರಡು ಟಿಕೆಟ್ ತಗೊಂಡಿದೀನಿ. ಇಷ್ಟ ಇಲ್ಲದಿದ್ರೆ ಏನೂ ಹೇಳ್ಬೇಡಿ. ಪೆನ್‌ಡ್ರೈವ್ ವಾಪಸ್ ಕೊಟ್ಬಿಡಿ, ನಾನು ಅರ್ಥ ಮಾಡ್ಕೋತೀನಿ."

ಎರಡು ಟಿಕೆಟ್! ಒಂದರ ಮೇಲೊಂದು ಹಿಡಿದಿದ್ದ, ದಡ್ಡ. ತಾನು ಆಗ ಕೊಟ್ಟ ಪೆನ್‌ಡ್ರೈವ್, ಆರಿಹೋದ ಅವನ ಮುಖ, ಒಂದೇ ಕಾಲಿನ ಚಪ್ಪಲಿ ಎಲ್ಲ ಒಟ್ಟಿಗೆ ನೆನಪಾಗಿ ಬೀಶಿಯಾಳ ಕಣ್ಣು ತುಂಬಿತು. ಏನೂ ಕೇಳದೆ ನಾಳೆ ರೂಢಿಯಂತೆ ಅದನ್ನು ಹಿಂತಿರುಗಿಸಿಬಿಟ್ಟಿದ್ದರೆ?

ಟಿವಿ ಆರಿಸಿ ಅವನತ್ತ ತಿರುಗಿದಳು.

"ಯಾಕೆ ಅಂತ ನನಗೆ ಗೊತ್ತಿಲ್ಲ," ಎಂದಳು. ಗೊತ್ತಿತ್ತು; ಕೆನ್ನೆ ಅದನ್ನು ಬಚ್ಚಿಡಲಿಲ್ಲ. "ಡಬ್ಬಿ ಬೇಡ. ನೀವೇ ಹೇಳಿ, ತಿಯೆನ್‌ಫು."

ಶೀಫು ಅಲ್ಲ, ತಿಯೆನ್‌ಫು. ಆರು ಸಲ ದಾರದಲ್ಲಿ ಬರೆದಿದ್ದ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಆತ ತಲೆಯೆತ್ತಿದ. ತುಟಿ ಒಮ್ಮೆ ಸುಮ್ಮನೆ ಆಡಿತು. ಆಮೇಲೆ, ನಾಲ್ಕರಷ್ಟೇ ಸಣ್ಣ ದನಿಯಲ್ಲಿ, "ನೀವು ಇಲ್ಲಿದೀರಿ, ಅದಕ್ಕೆ. ನಿಮ್ಮ ಮೇಲೆ ನನಗೆ ಪ್ರೀತಿ," ಎಂದ.

"ಕೇಳಿಸಲಿಲ್ಲ!" ಅಡಿಗೆಮನೆಯಿಂದ ಅಮ್ಮ ಕೂಗಿದಳು. ಸೀಬೆಹಣ್ಣು ಹೆಚ್ಚುವ ಚಾಕುವಿನ ಸದ್ದು ನಿಂತು ಬಹಳ ಹೊತ್ತಾಗಿತ್ತು.

ತಿಯೆನ್‌ಫು ಕಣ್ಣು ಮುಚ್ಚಿ ಉಸಿರು ತುಂಬಿಕೊಂಡ. "ಬೀಶಿಯಾ ಮೇಲೆ ನನಗೆ ಪ್ರೀತಿ!" ಗಲ್ಲಿಯಲ್ಲಿ ಹೋಗುತ್ತಿದ್ದ ಸ್ಕೂಟರೊಂದು ಗಕ್ಕನೆ ನಿಂತಿತು.

ಬೀಶಿಯಾ ನಗುತ್ತ ಕೈಚಾಚಿ, ಇಣುಕುತ್ತಿದ್ದ ಟಿಕೆಟ್ ಒಂದನ್ನು ಅವನ ಎದೆಯ ಜೇಬಿನಿಂದ, ತಾನೇ ಹೊಲಿದ ಹೆಸರಿನ ಹಿಂದಿನಿಂದ, ಎಳೆದುಕೊಂಡಳು.

"ಅಷ್ಟು ಜೋರು ಯಾಕೆ?" ಎಂದಳು. "ನನಗೆ ಮೊದಲನೇ ಸಲವೇ ಕೇಳಿಸ್ತು."