ಭೋಸರಿ ಬಾವಿಗೆ ಎರಡು ಸಹಿ

"ಬಾವಿ ಹಾಳಾಗಿದೆ ಅಂತೀರಿ. ಆ ನೀರು ಬಳಸಲು ನಿಮಗೆ ಪರವಾನಗಿ ಇದೆಯೇ?"

ಮೇಜಿನ ಆಚೆ ಕುಳಿತಿದ್ದ ತೆಳ್ಳನೆಯ ಯುವಕ ಮರಾಠಿಯಲ್ಲಿ ಕೇಳಿದ ಧಾಟಿಗೆ ಗೋದಾಳ ಮೈಯೆಲ್ಲ ಉರಿದುಹೋಯಿತು. ಮನೆಯ ಹಿಂದಿನ ಬಾವಿಗೂ ಪರವಾನಗಿಯೇ? ಈ ಸರಕಾರಿ ಮನುಷ್ಯನಿಗೆ ತಾಯಿ ಅನ್ನುವವಳು ಇಲ್ಲವೇ?

"ನಮ್ಮವ್ವನ ಕೈ ಬಂದು ನೋಡ್ರಿ. ಆ ನೀರಾಗ ಅರಿವಿ ಒಗದು ಒಗದು ಚರ್ಮ ಸುಲದದ. ಅದ ನಮ್ಮ ಪರವಾನಗಿ!"

ಸಿಟ್ಟಿನ ಭರದಲ್ಲಿ ಅವಳು ಕನ್ನಡಕ್ಕೆ ಇಳಿದಿದ್ದಳು. ಪುಣೆಯ ನಾರಾಯಣ ಪೇಠೆಯ ಆ ಮಾಳಿಗೆಯ ಕೋಣೆಯಲ್ಲಿ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಸರಕಾರಿ ಮನುಷ್ಯ ಮಾತ್ರ ತಲೆ ತಗ್ಗಿಸಿ ನಗುತ್ತಿದ್ದ.

"ಉತ್ತರ ಚೆಂದ ಉಂಟು," ಎಂದ ಅವನು, ಅಚ್ಚ ಕರಾವಳಿ ಕನ್ನಡದಲ್ಲಿ. "ಮರಾಠಿಯಲ್ಲಿ ಹೇಳಿ."

ಗೋದಾ ಕಕ್ಕಾಬಿಕ್ಕಿಯಾದಳು.

ಅವನು ಸರಕಾರದವನೇ ಅಲ್ಲ ಎಂದು ಆಮೇಲೆ ಬಾಳಕೃಷ್ಣ ಕಾಕಾ ಬಿಡಿಸಿ ಹೇಳಿದರು. ಕಾಕಾ ನಿವೃತ್ತ ವಕೀಲರು, ಈ ನೀರಿನ ಸಂಘ ಕಟ್ಟಿದವರು. ರಾಜ್ಯ ಸರಕಾರ ಹೊಸ ನೀರಿನ ಮಸೂದೆ ತರುತ್ತಿತ್ತು. ಅದರ ಬಗ್ಗೆ ಜನರ ಅಹವಾಲು ಕೇಳಲು ಶಾಸಕರ ಸಮಿತಿಯೊಂದು ಪುಣೆಗೆ ಬರುವುದಿತ್ತು. ಅಲ್ಲಿ ಮಾತಾಡುವವರು ಮೊದಲು ಇಲ್ಲಿ ತಾಲೀಮು ಮಾಡಬೇಕು, ಸಂಘದ ಒಬ್ಬರು ಸರಕಾರವಾಗಿ ಅಡ್ಡಪ್ರಶ್ನೆ ಹಾಕಬೇಕು. ಇದು ಕಾಕಾನ ಪದ್ಧತಿ. ಸರಕಾರವಾದವನು ಅಹವಾಲು ಮುಗಿಯುವ ತನಕ ಸರಕಾರವಾಗಿಯೇ ಇರಬೇಕು. ಯಾಕೆ ಹಾಗೆ ಕೇಳಿದೆ ಎಂದು ಹೇಳುವಂತಿಲ್ಲ, ಸಮಾಧಾನ ಮಾಡುವಂತಿಲ್ಲ. ಸಮಾಧಾನ ಮಾಡಿದರೆ ಮಾತಾಡುವವರು ಮೆತ್ತಗಾಗುತ್ತಾರೆ ಎಂಬುದು ಅವರ ವಾದ.

ಹುಡುಗನ ಹೆಸರು ಸುಹಾಸ. ಶಿವಾಜಿನಗರದಲ್ಲಿ ಅವನ ಮಾವ ಸುಬ್ಬಯ್ಯನವರ ಹೋಟೆಲು, ಗಲ್ಲಾಪೆಟ್ಟಿಗೆಯ ಮುಂದೆ ಇವನು. ಗೋದಾ ಅಲ್ಲೇ ಹತ್ತಿರದ ಆಫೀಸಿನಲ್ಲಿ ಟೈಪಿಸ್ಟು. ಮನೆ ಭೋಸರಿಯ ಸಾಲುಮನೆಗಳ ಒಂದು ಚಾಳಿನಲ್ಲಿ, ತಾಯಿ ರುದ್ರವ್ವನ ಜೊತೆ. ಚಾಳಿನ ಹಿಂದೆ ಲೋಹದ ಸಾಮಾನಿಗೆ ಗಿಲೀಟು ಹಾಕುವ ಕಾರ್ಖಾನೆ ಬಂದ ಮೇಲೆ ಬಾವಿಯ ನೀರು ಹಳದಿಗೆ ತಿರುಗಿತ್ತು. ಮಸೂದೆಯ ಪ್ರಕಾರ ದೂರು ಕೊಡಬೇಕಾದರೆ ನೀರಿನ ಪರವಾನಗಿ ಬೇಕು. ಕಾರ್ಖಾನೆಗೆ ಅದಿತ್ತು, ಚಾಳಿಗೆ ಇರಲಿಲ್ಲ. ಆ ಕಲಮು ಬದಲಾಗದಿದ್ದರೆ ರುದ್ರವ್ವನ ಕೈ ಹಾಗೆಯೇ ಇರುವುದು, ಬಾವಿಯೂ ಹಾಗೆಯೇ ಸಾಯುವುದು. ಗೋದಾಳಿಗೆ ಬೇಕಾಗಿದ್ದು ಇಷ್ಟೇ... ಆ ನೀರು ಬಳಸುವ ಯಾರೇ ಆಗಲಿ, ದೂರು ಕೊಡಲು ಹಕ್ಕಿರಬೇಕು.

ತಾಲೀಮು ಮುಗಿದ ಸಂಜೆಗಳಲ್ಲಿ ಹೋಟೆಲಿನ ಕಾಫಿ ರೂಢಿಯಾಯಿತು. ಮಿಸ್ಡ್ ಕಾಲ್ ಕೊಟ್ಟರೆ 'ಮನೆ ಮುಟ್ಟಿದೆ' ಎಂದರ್ಥ, ಅವನೂ ತಿರುಗಿ ಒಂದು ಕೊಡುತ್ತಿದ್ದ, ಅದೂ ರೂಢಿಯಾಯಿತು. ಅವನು ನಗುವಾಗ ಗಲ್ಲಾದ ಚಿಲ್ಲರೆ ತಪ್ಪುತ್ತಿತ್ತು, ಸುಬ್ಬಯ್ಯ ಮಾವ ಗೊಣಗುತ್ತಿದ್ದರು. ಗೋದಾಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಮುಚ್ಚಿಡುವುದೇನು, ಜೋರಾಗಿಯೇ ಹುಟ್ಟಿತ್ತು!

ಒಂದು ಸಂಜೆ ಯಾರಿಗೂ ಹೇಳದ ಮಾತೊಂದನ್ನು ಅವನಿಗೆ ಹೇಳಿದಳು. ತೀರಿಹೋದ ಅಪ್ಪ ಕೊನೆಯವರೆಗೂ ರೇಶನ್ ಕಾರ್ಡು ವಿಜಾಪುರದಿಂದ ಬದಲಿಸಲೇ ಇಲ್ಲ. ನಾಳೆ ತಿರುಗಿ ಹೋಗುವವರು, ಯಾಕೆ ಬದಲಿಸುವುದು ಅನ್ನುತ್ತಿದ್ದ. ಶಾಲೆಯಲ್ಲಿ ಹುಡುಗಿಯರು 'ಕಾನಡಿ', ಕನ್ನಡದವಳು ಎಂದು ಕಾಡಿದಾಗೆಲ್ಲ ಗೋದಾ ಹಿಂದಿನ ಬೆಂಚಿಗೆ ಸರಿದು ಕೂರುತ್ತಿದ್ದಳು. ಈಗಲೂ ಯಾರಾದರೂ 'ಹೊರಗಿನವರು' ಅಂದರೆ ನಾಲಿಗೆ ಏಳುವುದಿಲ್ಲ, ಜಾಗ ಬಿಟ್ಟು ಎದ್ದುಬಿಡುತ್ತೇನೆ ಎಂದಳು. ಅವನು ಅವಳ ಲೋಟಕ್ಕೆ ತನ್ನ ಕಾಫಿಯನ್ನೂ ಸುರಿದ.

ಕೊನೆಯ ತಾಲೀಮಿನ ದಿನ ಕೋಣೆ ತುಂಬಿತ್ತು. ಗೋದಾ ನಿರರ್ಗಳವಾಗಿ ಮಾತಾಡಿದಳು. ಆಗ ಸುಹಾಸ ಕೇಳಿದ.

"ನಿಮ್ಮ ರೇಶನ್ ಕಾರ್ಡು ವಿಜಾಪುರದ್ದು. ಈ ರಾಜ್ಯದ ನೀರಿನ ಮೇಲೆ ನಿಮಗೆ ಯಾವ ಹಕ್ಕು?"

ಕಾಫಿಯ ಮುಂದೆ, ಇವನೊಬ್ಬನಿಗೆ ಅಂತ ಹೇಳಿದ ಮಾತು... ಅದನ್ನೇ ತೆಗೆದು ಎಲ್ಲರೆದುರು ಮುಖಕ್ಕೆ ಎಸೆದನಲ್ಲ!

ಅವನು ಮುಂದೆಯೂ ಬಿಡಲಿಲ್ಲ. ಉತ್ತರ ಕೊಡಿ, ಸಮಿತಿ ಕಾಯುತ್ತಿದೆ ಎಂದ. ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಭೋಸರಿಯ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ಮನೆ ಮುಟ್ಟಿ, ಅಭ್ಯಾಸಬಲದಿಂದ ಮಿಸ್ಡ್ ಕಾಲ್ ಕೊಟ್ಟಳು. ಅವನು ತಿರುಗಿ ಕೊಡಲಿಲ್ಲ. ಮರುದಿನವೂ ಇಲ್ಲ. ಅವನ ಮನಸ್ಸಿನಲ್ಲಿಯೂ ನಾನು ಹೊರಗಿನವಳೇ ಎಂದುಕೊಂಡಳು. ಹಾಗಾದರೆ ಆ ಕಾಫಿ, ಆ ನಗು ಎಲ್ಲ ಸುಳ್ಳೇ...

ಬೇರೆಯವರು ಮಾತಾಡಲಿ ಎಂದು ಕಾಕಾನಿಗೆ ಹೇಳಿಕಳಿಸಲು ಹೊರಟಿದ್ದಳು. ರುದ್ರವ್ವ ತಡೆದಳು. ಮಗಳ ಕಣ್ಣು ಊದಿದ್ದನ್ನು ನೋಡಿ ಆಕೆ ನಡೆದದ್ದನ್ನು ಬಾಯಿಬಿಡಿಸಿದಳು, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಳು.

"ಇಲ್ಲಿಗೆ ಬಂದಾಗ ನೀ ಮಗ್ಗಲಾಗ ಮಲಗೂ ಕೂಸು," ಎಂದಳು. "ಅಂದಿನಿಂದ ಇದ ಬಾವಿ ನೀರು ಕುಡಿಸೇನಿ. ಇನ್ನ ಯಾರ್ನ ಕೇಳಬೇಕು ನಾವು?"

ಅಹವಾಲಿನ ದಿನ ಗೋದಾ ಹೋದಳು. ಹಿಂದಿನ ಸಾಲಿನಲ್ಲಿ ಸುಹಾಸ ಇದ್ದ. ಅವಳು ಅತ್ತ ನೋಡಲಿಲ್ಲ.

ಅವಳ ಮಾತು ಮುಗಿಯುತ್ತಿದ್ದಂತೆ ಕಾರ್ಖಾನೆಗಳ ಪರವಾಗಿ ಬಂದಿದ್ದ ವಕೀಲರು ಎದ್ದರು. ಬಹಳ ಸೌಜನ್ಯದಿಂದ, ನಗುತ್ತ, ಬಾಯಿಸಾಹೇಬರ ರೇಶನ್ ಕಾರ್ಡು ಪರರಾಜ್ಯದ್ದು ಎಂದು ಕೇಳಿಪಟ್ಟೆ, ನಿಜವೇ ಎಂದರು. ಸಭೆಯಲ್ಲಿ ಗುಸುಗುಸು ಎದ್ದಿತು.

ಸುಹಾಸ ಕೇಳಿದ ಅದೇ ಪ್ರಶ್ನೆ! ಆದರೆ ಆಶ್ಚರ್ಯ... ಕಣ್ಣೀರು ಬರಲಿಲ್ಲ. ಅದನ್ನೆಲ್ಲ ಆಗಲೇ ಅತ್ತು ಮುಗಿಸಿದ್ದಳು.

"ನಿಜ," ಎಂದಳು ಮರಾಠಿಯಲ್ಲಿ. "ಕಾರ್ಡು ವಿಜಾಪುರದ್ದು, ನೀರು ಭೋಸರಿಯದ್ದು. ಕಾರ್ಡು ನೋಡಿ ಬಾವಿ ನಮಗೆ ಬೇರೆ ನೀರು ಕೊಡುವುದಿಲ್ಲ, ಸಾಹೇಬರೇ. ಹಳದಿ ನೀರು ಕುಡಿಯುವಾಗ ನಾವು ಇಲ್ಲಿಯವರು, ದೂರು ಕೊಡುವಾಗ ಮಾತ್ರ ಹೊರಗಿನವರೇ?"

ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದರು. ಇದನ್ನು ಬರೆದುಕೊಳ್ಳಿ ಎಂದು ಪಕ್ಕದವರಿಗೆ ಹೇಳಿದರು.

ಹೊರಗೆ ಮೆಟ್ಟಿಲ ಮೇಲೆ ಸುಹಾಸ ಕಾಯುತ್ತಿದ್ದ. ಮುಖ ಬಾಡಿತ್ತು. ಕೊನೆಯ ತಾಲೀಮಿಗೆ ಮೊದಲೇ ಆ ವಕೀಲರ ಕಡೆಯವರು ಹೋಟೆಲಿನಲ್ಲಿ ಊಟ ಮಾಡುತ್ತ ಮಾತಾಡಿದ್ದನ್ನು ತಾನು ಕೇಳಿಸಿಕೊಂಡೆ ಎಂದ. ಚಾಳಿನಲ್ಲಿ ಯಾರನ್ನೋ ವಿಚಾರಿಸಿ ಕಾರ್ಡಿನ ಸಂಗತಿ ಅವರು ತಿಳಿದುಕೊಂಡಿದ್ದರು.

"ಹೇಳಬೇಕಿತ್ತು ನೀವು."

"ಹೇಳಿದ್ರೆ ಜಾಗ ಬಿಟ್ಟು ಎದ್ದುಬಿಡ್ತಿದ್ರಿ. ನೀವೇ ಹೇಳಿದ್ದು ಹಾಗೆ. ಅಲ್ಲಿ ಮೊದಲ ಸಲ ಕೇಳುವುದಕ್ಕಿಂತ ನನ್ನ ಬಾಯಲ್ಲೇ ಕೇಳಿ ಅಂತ..."

"ಮತ್ತ ಮಿಸ್ಡ್ ಕಾಲ್?"

"ಕಾಕಾನ ಪದ್ಧತಿ. ಫೋನು ಕೈಗೆ ತಗೊಂಡ್ರೆ ತಪ್ಪಾಯ್ತು ಅಂತ ಹೇಳದೆ ಇರ್ಲಿಕ್ಕೆ ಆಗ್ತಿರ್ಲಿಲ್ಲ ನಂಗೆ."

ಗೋದಾಳಿಗೆ ಅವನನ್ನು ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ನಿಮಗಷ್ಟೇ ಹೇಳಿದ ಮಾತು ಅದು, ಇಷ್ಟು ಬೇಗ ಮರೆಯಲಾರೆ ಎಂದು ಹೇಳಿ ಬಸ್ಸು ಹಿಡಿದಳು.

ಮುಂದಿನ ವರ್ಷ ಕಾಯಿದೆ ಬಂತು. ಕಲಮು ಬದಲಾಗಿತ್ತು! ನೀರು ಬಳಸುವ ಯಾವ ನಿವಾಸಿಯೂ ದೂರು ಕೊಡಬಹುದು, ಬಾಡಿಗೆ ರಸೀದಿ ಸಾಕು, ಕಾರ್ಡು ಯಾವ ಊರಿನದಾದರೂ ಸರಿ. ಒಂದು ಗಂಟು ಮಾತ್ರ ಉಳಿದಿತ್ತು. ಬೇರೆ ಬೇರೆ ಎರಡು ಮನೆಯವರ ಸಹಿ ಬೇಕು. ಚಾಳಿನ ಗಂಡಸರೆಲ್ಲ ಅದೇ ಕಾರ್ಖಾನೆಯ ಕೆಲಸಗಾರರು. ಗೋದಾ ಮನೆ ಮನೆಗೆ ತಿರುಗಿದಳು. ಎಲ್ಲರೂ ಚಹಾ ಕೊಟ್ಟರು, ಒಬ್ಬರೂ ಸಹಿ ಹಾಕಲಿಲ್ಲ. ಗೆದ್ದ ಕಾಯಿದೆ ಒಂದು ಸಹಿಗಾಗಿ ನಿಂತುಬಿಟ್ಟಿತು.

ಒಂದು ಭಾನುವಾರ ಬೆಳಿಗ್ಗೆ ಚಾಳಿನ ತುದಿಯ ಖಾಲಿ ಮನೆಯ ಮುಂದೆ ಟೆಂಪೊ ನಿಂತಿತು. ಹಾಸಿಗೆ, ಸ್ಟೋವು, ಹೋಟೆಲಿನ ನಾಲ್ಕು ಪಾತ್ರೆ ಇಳಿದವು. ಕೊನೆಗೆ ಸುಹಾಸ ಇಳಿದ.

ಗೋದಾ ಹತ್ತಿರವೂ ಹೋಗಲಿಲ್ಲ. ಆದರೆ ದಿನವೂ ಕಿಟಕಿಯಿಂದ ನೋಡಿದಳು. ಅವನು ಆ ಬಾವಿಯ ನೀರಲ್ಲೇ ಸ್ನಾನ ಮಾಡಿದ, ಅಂಗಿ ಒಗೆದ. ತಿಂಗಳೊಪ್ಪತ್ತಿನಲ್ಲಿ ಅವನ ಬೆರಳ ಸಂದಿಯೂ ಕೆಂಪಾಯಿತು. ಅದನ್ನು ಮೊದಲು ಕಂಡವಳು ರುದ್ರವ್ವ. ಎಣ್ಣೆಯ ಬಟ್ಟಲು ಮಗಳ ಕೈಗಿಟ್ಟು, ಹೋಗಿ ಕೊಟ್ಟು ಬಾ ಎಂದಳು.

ಗೋದಾ ಬಟ್ಟಲು ಹಿಡಿದು ಅವನ ಬಾಗಿಲಲ್ಲಿ ನಿಂತಳು.

"ಹುಚ್ಚ ಹಿಡದದೇನ್ರಿ ನಿಮಗ?"

"ಬಳಸದೆ ಸಹಿ ಹಾಕಿದ್ರೆ ಸುಳ್ಳು ದೂರು ಆಗ್ತದಲ್ಲ." ಅವನು ಬಾಡಿಗೆ ರಸೀದಿ ತೋರಿಸಿದ. "ಎರಡನೇ ಮನೆ ಬೇಕಿತ್ತಲ್ವಾ? ಇದು."

ಅವಳ ಕಣ್ಣು ತುಂಬಿ ಬಂತು. ಈ ಸಲ ತಡೆದುಕೊಳ್ಳಲಿಲ್ಲ.

"ನಂಗೊಂದು ಕೇಳ್ಲಿಕ್ಕೆ ಉಂಟು, ಗೋದಾ. ಮಾವನಿಗೂ ಹೇಳಿಯಾಗಿದೆ. ನಮ್ಮ ಮದುವೆ..."

"ತಡೀರಿ!" ಅವಳು ಗಾಬರಿಯಿಂದ ಕೈ ಅಡ್ಡ ಹಿಡಿದಳು. "ಈಗ ಮದುವಿ ಆದ್ರ ಇಬ್ರೂ ಒಂದ ಮನಿಯವರಾಗತೀವಿ. ದೂರು ನಡಿಯೂದಿಲ್ಲ."

ಅದು ಒಪ್ಪಿಗೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸೋಮವಾರ ಇಬ್ಬರೂ ಕಚೇರಿಗೆ ಹೋದರು. ಗೋದಾ ಸಹಿ ಹಾಕಿದಳು, ಕೆಳಗೆ ಸುಹಾಸ ಹಾಕಿದ. ಗುಮಾಸ್ತ ಎರಡು ಬಾಡಿಗೆ ರಸೀದಿಗಳನ್ನೂ ತಿರುಗಿಸಿ ತಿರುಗಿಸಿ ನೋಡಿ, ನಿಮಗೇನು ಸಂಬಂಧ ಎಂದು ಕೇಳಿದ. ನೆರೆಯವರು ಎಂದಳು ಗೋದಾ. ಆತ ದೂರಿನ ಮೇಲೆ ಠಸ್ಸೆ ಒತ್ತಿದ.

ಹೊರಗೆ ಬಂದು ಅವಳು ಅವನ ಕೆಂಪಾದ ಬೆರಳುಗಳನ್ನು ಮೊದಲ ಸಲ ತನ್ನ ಕೈಯಲ್ಲಿ ಹಿಡಿದಳು.

"ಹಂ. ಈಗ ಕೇಳ್ರಿ," ಎಂದಳು.