ಮರಿ ಸಿಕ್ಕ ಮೇಲಿನ ಪುಟಗಳು

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಇಂಪನಾ ಮರದ ಪೆಟ್ಟಿಗೆಯ ಮೇಲೆ ನಿಂತು, ಉಕ್ಕಿ ಬರುತ್ತಿದ್ದ ನಗುವನ್ನು ತುಟಿ ಕಚ್ಚಿ ತಡೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು.

"ಸುಳ್ಳು! ಇವ್ಳು ಹೇಳಿದ್ದು ಬರೀ ಸುಳ್ಳು!"

ಎಲ್ಲರೂ ತಿರುಗಿ ನೋಡಿದರು. ಎದ್ದು ನಿಂತಿದ್ದವಳು ಶಶಿರೇಖಾ. ಐದನೇ ಕ್ಲಾಸಿನಲ್ಲಿ ಇಂಪನಾಳ ಪಕ್ಕದಲ್ಲೇ ಕೂರುವವಳು. ಅವಳ ಮೂಗಿನ ತುದಿ ಕೆಂಪಾಗಿತ್ತು. ಕೈಯಲ್ಲಿ ಒಂದು ಪುಸ್ತಕವಿತ್ತು.

ಇಂಪನಾಗೆ ಮೊದಲು ಅರ್ಥವೇ ಆಗಲಿಲ್ಲ. ತಾನು ಏನು ಸುಳ್ಳು ಹೇಳಿದೆ? ಯಾವಾಗ?

ತಿಪಟೂರಿನಲ್ಲಿ ರುದ್ರೇಶಣ್ಣನ ಪುಸ್ತಕದಂಗಡಿ ಇರುವುದು ಒಂದು ಹಳೆಯ ಕೊಬ್ಬರಿ ಗೋಡೌನಿನಲ್ಲಿ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಕೊಬ್ಬರಿಯ ವಾಸನೆ ಹೋಗಿಲ್ಲ. ಅಲ್ಲಿ ಕೊಂಡ ಪುಸ್ತಕವನ್ನು ಮನೆಗೆ ತಂದು ಬಿಚ್ಚಿದರೂ ಮೊದಲು ಬರುವುದು ಅದೇ ವಾಸನೆ. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಮಕ್ಕಳೆಲ್ಲ ಅಲ್ಲಿ ಸೇರುತ್ತಾರೆ. ಓದಿ ಇಷ್ಟವಾದ ಪುಸ್ತಕದ ಬಗ್ಗೆ, ಕೊನೆಯೊಂದನ್ನು ಬಿಟ್ಟು, ಪೆಟ್ಟಿಗೆ ಹತ್ತಿ ನಿಂತು ಹೇಳುತ್ತಾರೆ. ಕೇಳಿದವರಲ್ಲಿ ಕೆಲವರು ಪುಸ್ತಕ ಕೊಳ್ಳುತ್ತಾರೆ. ಹಾಸ್ಟೆಲ್ ಮಕ್ಕಳಿಗಾದರೆ ರುದ್ರೇಶಣ್ಣ, "ಓದಿ ತಂದ್ಕೊಡ್ರಪ್ಪ, ಎಣ್ಣೆ ಕೈಲಿ ಮಾತ್ರ ಮುಟ್ಬೇಡ್ರಿ" ಎಂದು ಹಾಗೆಯೇ ಕೊಟ್ಟು ಕಳಿಸುತ್ತಾನೆ.

ಹೇಳುವುದರಲ್ಲಿ ಇಂಪನಾಳನ್ನು ಮೀರಿಸುವವರಿರಲಿಲ್ಲ. ಅದು ಅವಳ ಅಜ್ಜಿ ಗುರುಸಿದ್ದಮ್ಮನಿಂದ ಬಂದದ್ದು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದಿಸುವಾಗ ಅಜ್ಜಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕೇಳಿ ಕೇಳಿಯೇ ಎಷ್ಟೋ ಪದ್ಯಗಳು ಅವರ ಬಾಯಿಗೆ ಬಂದಿದ್ದವು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂದು ಉಸಿರು ತಡೆಯಬೇಕು ಎಂಬುದನ್ನು ಇಂಪನಾ ಅವರ ಮಡಿಲಲ್ಲೇ ಕಲಿತಿದ್ದಳು.

ಇವತ್ತಿನ ಶನಿವಾರ ಎಲ್ಲಕ್ಕಿಂತ ದೊಡ್ಡದು. 'ಗುಡ್ಡ ಹತ್ತಿದ ಮರಿ' ಪುಸ್ತಕ ಬರೆದ ನಯನ ಮೇಡಮ್ ಸ್ವತಃ ಬಂದಿದ್ದರು. ಪುಟಾಣಿ ಎಂಬ ಮೇಕೆಮರಿ ಮಳೆಯಲ್ಲಿ ದಾರಿ ತಪ್ಪಿ ಗುಡ್ಡದಲ್ಲಿ ಕಳೆದುಹೋಗುವ ಕತೆ ಅದು. ಯೋಗೀಶ ಎಂಬ ಪುಟ್ಟ ಹುಡುಗ, "ಮೇಡಮ್, ಕತೆ ಬರೆದ್ರೆ ಸಂಬಳ ಕೊಡ್ತಾರಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಆಮೇಲೆ ರುದ್ರೇಶಣ್ಣ ಇಂಪನಾಳನ್ನು ಪೆಟ್ಟಿಗೆ ಹತ್ತಿಸಿ, "ಮೇಡಮ್, ನಿಮ್ ಪುಸ್ತಕ ನಮ್ ಅಂಗ್ಡೀಲಿ ಒಂದೂ ಉಳಿದಿಲ್ಲ ಕಣ್ರೀ. ಎಲ್ಲಾ ಈ ಹುಡುಗಿ ಬಾಯಿಂದ" ಎಂದಿದ್ದ. ಆ ಚಪ್ಪಾಳೆ ಅದಕ್ಕೇ.

"ಏನ್ ಸುಳ್ಳು ಹೇಳಿದ್ನೇ ನಾನು?" ಇಂಪನಾ ಪೆಟ್ಟಿಗೆಯ ಮೇಲಿಂದಲೇ ಕೇಳಿದಳು.

"ಕೊನೇಲಿ ಮರಿಗೆ ಏನೂ ಆಗಲ್ಲ ತಾನೆ ಅಂತ ಕೇಳಿದ್ನಾ ಇಲ್ವಾ? ಏನೂ ಆಗಲ್ಲ, ಸಿಗುತ್ತೆ, ಅಮ್ಮನ ಪಕ್ಕ ಮಲ್ಕಳುತ್ತೆ ಅಂದೆ. ದೇವ್ರಾಣೆ ಅಂದೆ!"

"ಹೂಂ, ಅಂದೆ. ಸಿಗುತ್ತಲ್ಲ!"

"ಸತ್ತೋಯ್ತದೆ ಕಣೇ!" ಶಶಿರೇಖಾ ಕಿರುಚಿದಳು. "ಪುಟಾಣಿ ಸತ್ತೋಯ್ತದೆ!"

ಇಂಪನಾಗೆ ಕೋಪ ಬಂತು. ಎಲ್ಲರೆದುರು ಹೀಗೆ ಹೇಳಬಹುದೇ? ಅದೂ ಬರೆದವರ ಮುಂದೆ? "ಸಾಯಲ್ಲ! ನೀನೇ ಸುಳ್ಳು ಹೇಳ್ತಿರೋದು. ಬಂಡೆ ಸಂದೀಲಿ ಸಿಗುತ್ತೆ. ಮೇಕೆ ಕಾಯೋನು ಟವಲ್‌ನಲ್ಲಿ ಸುತ್ತಿ ಎತ್ಕೊಂಡ್ ಬರ್ತಾನೆ. ಹಾಲು ಕುಡಿಯುತ್ತೆ. ಬೇಕಾದ್ರೆ ಮೇಡಮ್‌ನೇ ಕೇಳು. ಮೇಡಮ್, ನೀವೇ ಹೇಳಿ. ಸಾಯಲ್ಲ ತಾನೆ?"

ನಯನ ಮೇಡಮ್ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಸಾಯುತ್ತೆ, ಪುಟ್ಟ," ಎಂದರು ಅವರು ಮೆಲ್ಲಗೆ. "ಕೊನೇ ಅಧ್ಯಾಯದಲ್ಲಿ. ನೀನು... ಅದನ್ನ ಓದಿಲ್ವಾ?"

ಶಶಿರೇಖಾ ಪುಸ್ತಕವನ್ನು ಕುರ್ಚಿಯ ಮೇಲೆ ಎಸೆದು, ಸಾಲು ದಾಟಿ, ಬಾಗಿಲಾಚೆ ಓಡಿಹೋದಳು.

ಇಂಪನಾ ಪೆಟ್ಟಿಗೆಯಿಂದ ಇಳಿದಳು. ಯಾರೋ ಕಿಸಕ್ಕನೆ ನಕ್ಕರು. ಯಾರೋ, "ಓದ್ದೇನೇ ಹೇಳವ್ಳೆ ಕಣ್ಲಾ" ಎಂದರು. ಅವಳಿಗೆ ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಕುರ್ಚಿಯ ಮೇಲಿದ್ದ ಪುಸ್ತಕ ಎತ್ತಿಕೊಂಡು, ಕಪಾಟಿನ ಮಗ್ಗುಲಲ್ಲಿ ಗೋಡೆಗೊರಗಿ ಕೊನೆಯ ಪುಟಗಳನ್ನು ತೆರೆದಳು.

ಅಲ್ಲಿ ನಿಜವಾಗಿಯೂ ಇನ್ನೊಂದು ಅಧ್ಯಾಯವಿತ್ತು. ಸಣ್ಣದು. ಬೆಳಗಾಗುತ್ತದೆ. ತಾಯಿಮೇಕೆ ಎದ್ದು ಮೈ ಕೊಡವಿಕೊಳ್ಳುತ್ತದೆ. ಪುಟಾಣಿ ಏಳುವುದಿಲ್ಲ. ತಾಯಿ ಮೂಗಿನಿಂದ ದೂಡುತ್ತದೆ. ಮತ್ತೆ ದೂಡುತ್ತದೆ. ರಾತ್ರಿಯೆಲ್ಲ ನೆನೆದಿದ್ದ ಮರಿಯ ಮೈ ತಣ್ಣಗಾಗಿರುತ್ತದೆ. ಅಷ್ಟೇ. ಅದರಾಚೆ ಬಿಳಿಯ ಹಾಳೆ.

ಇಂಪನಾ ಆ ಬಿಳಿಯ ಹಾಳೆಯನ್ನು ನೋಡಿದಳು. ಮತ್ತೆ ಹಿಂದಿನ ಪುಟ ನೋಡಿದಳು. ಇಷ್ಟು ದಿನ ಅವಳ ತಲೆಯೊಳಗೆ ಪುಟಾಣಿ ಕುಣಿಯುತ್ತ, ಬೇಲಿಯ ಸೊಪ್ಪು ಕಡಿಯುತ್ತ ಓಡಾಡಿಕೊಂಡಿತ್ತು. ಅದು ಈಗ ಇದ್ದಕ್ಕಿದ್ದಂತೆ ಬಿದ್ದುಬಿಟ್ಟಿತು. ಅಕ್ಷರಗಳು ಮಂಜುಮಂಜಾದವು.

"ಏನಾಯ್ತವ್ವ?"

ಅಜ್ಜಿ. ಮೊಮ್ಮಗಳು ಮಾತಾಡುವುದನ್ನು ಕೇಳಲೆಂದೇ ವಿಭೂತಿ ಹಚ್ಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದವರು ಈಗ ಎದ್ದು ಬಂದಿದ್ದರು.

ಅವರನ್ನು ನೋಡಿದ್ದೇ ತಡ, ಇಂಪನಾಳ ದುಃಖವೆಲ್ಲ ಸಿಟ್ಟಾಗಿ ತಿರುಗಿತು. "ನಿನ್ನಿಂದ್ಲೇ ಅಜ್ಜಿ! ನೀನೇ ಅಲ್ವಾ ಅವತ್ತು ನಿಲ್ಲಿಸು ಅಂದಿದ್ದು? ಮರಿ ಸಿಕ್ತು, ಹಾಲು ಕುಡೀತು, ಇಲ್ಲಿಗೆ ಮಂಗಳ ಮಾಡಿ ಮಡಚು ಅಂದೆ. ನಾನು ಮಡಚಿಟ್ಟೆ!"

ಅದು ನಿಜ. ಕಣ್ಣು ಮಂಜಾದ ಮೇಲೆ ಅಜ್ಜಿಗೆ ಸಂಜೆ ಹೊತ್ತು ಇಂಪನಾಳೇ ಓದಿ ಹೇಳುತ್ತಿದ್ದಳು. ಯಾವ ಪುಸ್ತಕವಾದರೂ ಅಜ್ಜಿಗೆ ಪುರಾಣವೇ. ಕೇಳುವ ಮುಂಚೆ ಕೈಮುಗಿಯುವರು. ದೀಪ ಹಚ್ಚುವ ಹೊತ್ತಾದರೆ, ಕತೆಯಲ್ಲಿ ಒಂದು ಒಳ್ಳೆಯ ಜಾಗ ನೋಡಿ, "ಇಲ್ಲಿಗೆ ನಿಲ್ಸವ್ವ" ಎನ್ನುವರು. ಕೆಟ್ಟ ಜಾಗದಲ್ಲಿ ಮಾತ್ರ ಯಾವತ್ತೂ ನಿಲ್ಲಿಸಗೊಡುತ್ತಿರಲಿಲ್ಲ. ಅವತ್ತು ಕೊನೆಯಲ್ಲಿ ಕೆಲವು ಪುಟ ಉಳಿದಿದ್ದನ್ನು ಇಂಪನಾ ನೋಡಿದ್ದಳು. ಮರಿ ಸಿಕ್ಕಿತಲ್ಲ, ಇನ್ನೇನಿರುತ್ತದೆ ಎಂದುಕೊಂಡಿದ್ದಳು. ಮಾರನೇ ದಿನವೇ ಶನಿವಾರ. ಪೆಟ್ಟಿಗೆ ಹತ್ತುವ ಆತುರ.

ಅಜ್ಜಿ ಬೆರಗಾಗಿ ಅವಳ ಮುಖವನ್ನೇ ನೋಡಿದರು. "ನಿಲ್ಸು ಅಂದೆ ಕಣವ್ವ. ಮುಗೀತು ಅಂದ್ನಾ?"

ಇಂಪನಾ ಪುಸ್ತಕವನ್ನು ಎದೆಗೊತ್ತಿಕೊಂಡಳು.

"ನಾಳೆ ಅಲ್ಲಿಂದ್ಲೇ ಹಿಡೀತೀಯ ಅಂತ ನಾನು ಕಾದಿದ್ದೆ. ನೀನು ಬೇರೆ ಪುಸ್ತಕ ತೆಗೆದೆ. ಹುಡ್ಗಿ ಒಬ್ಳೇ ಓದ್ಕೊಂಡಿರ್ಬೇಕು ಅಂತ ಸುಮ್ನಾದೆ." ಅಜ್ಜಿ ಸೀರೆಯ ಸೆರಗಿನಿಂದ ಅವಳ ಕೆನ್ನೆ ಒರೆಸಿದರು. "ಮಠದಲ್ಲಿ ಸಾವಿನ ಸಂಧಿ ಓದಲ್ವಾ? ಓದ್ತಾರೆ. ಜನ ಗೊಳೋ ಅಂತ ಅಳ್ತಾರೆ. ಆದ್ರೆ ಅಲ್ಲಿಗೇ ಮಡಚಿ ಜನಾನ ಮನೇಗೆ ಕಳಿಸಾಕಿಲ್ಲ. ಎಷ್ಟೊತ್ತಾದ್ರೂ ಸೈ, ಮುಂದಕ್ಕೆ ಓದಿ, ಒಂದು ಒಳ್ಳೇ ಮಾತು ಕಿವಿಗೆ ಬಿದ್ದ ಮೇಲೇ ಎಲ್ರೂ ಏಳೋದು."

ನಯನ ಮೇಡಮ್ ಪಕ್ಕದಲ್ಲೇ ಬಂದು ನಿಂತಿದ್ದರು. "ಅಮ್ಮಾ, ನನ್ ಪುಸ್ತಕ ಅಲ್ಲಿಗೇ ಮುಗಿಯುತ್ತೆ," ಎಂದರು. ತಪ್ಪು ಮಾಡಿದ ಹುಡುಗಿಯ ಹಾಗಿತ್ತು ಅವರ ದನಿ. "ಮುಂದಕ್ಕೆ ಓದೋಕೆ ಏನೂ ಇಲ್ಲ."

"ಅದು ನಿಮ್ಮಿಷ್ಟ ಕಣ್ರವ್ವ. ಬರೆದೋರು ನೀವು, ನಾನೇನು ಹೇಳ್ಲಿ." ಅಜ್ಜಿ ಬಾಗಿಲ ಕಡೆ ನೋಡಿದರು. "ಆದ್ರೆ ಆ ಮಗ ಒಬ್ಳೇ ಕುಂತು ಓದವ್ಳೆ."

ಒಬ್ಬಳೇ.

ಇಂಪನಾಗೆ ಶಶಿರೇಖಾ ಇರುವ ಹಾಸ್ಟೆಲ್ ನೆನಪಾಯಿತು. ಸಾಲಾಗಿ ಹಾಸಿದ ಚಾಪೆಗಳು, ತಲೆಯ ಬಳಿ ಒಂದೊಂದು ಟ್ರಂಕು. ಶಶಿರೇಖಾಳ ಊರು ಹುಳಿಯಾರಿನ ಆಚೆ ಒಂದು ಹಟ್ಟಿ. ಮನೆಯವರು ಕುರಿ, ಮೇಕೆ ಸಾಕುವವರು. ಹೋದ ಸಲ ರಜೆಗೆ ಹೋಗಿ ಬಂದವಳು ಎರಡು ದಿನ ಯಾರೊಂದಿಗೂ ಮಾತಾಡಿರಲಿಲ್ಲ. ಅವಳ ಮರಿಯನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. "ಬುಡೇ, ಇನ್ನೊಂದು ಮರಿ ತರ್ತಾರೆ" ಎಂದಿದ್ದಳು ಇಂಪನಾ. ಆಮೇಲೆ ಈ ಪುಸ್ತಕದ ಬಗ್ಗೆ ಹೇಳಿ, ತಾನೇ ಒತ್ತಾಯ ಮಾಡಿ ಅವಳ ಕೈಗೆ ಕೊಟ್ಟಿದ್ದಳು. ನೀನು ಓದಲೇಬೇಕು ಕಣೇ, ನಿನಗೇ ಹೇಳಿ ಮಾಡಿಸಿದಂಗಿದೆ.

ಮರಿ ಸಿಗುತ್ತದೆ ಎಂದು ನಂಬಿಕೊಂಡು ಅವಳು ಒಂದೊಂದೇ ಪುಟ ತಿರುಗಿಸಿದ್ದಾಳೆ. ಸಿಕ್ಕಾಗ ಎಷ್ಟು ಖುಷಿಪಟ್ಟಿರಬೇಕು! ಆಮೇಲೆ ಇನ್ನೊಂದು ಪುಟ ತಿರುಗಿಸಿದ್ದಾಳೆ.

ಇಂಪನಾ ಪುಸ್ತಕವನ್ನು ಅಜ್ಜಿಯ ಕೈಗಿಟ್ಟು ಹೊರಗೆ ನಡೆದಳು.

ಶಶಿರೇಖಾ ಅಂಗಡಿಯ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಎದುರಿನ ಮಂಡಿಯಲ್ಲಿ ಯಾರೋ ಕೊಬ್ಬರಿ ಚೀಲ ಇಳಿಸುತ್ತಿದ್ದರು. ಅವಳು ಅದನ್ನೇ ನೋಡುತ್ತಿದ್ದಳು. ಇಂಪನಾ ಒಂದು ಮೆಟ್ಟಿಲು ಕೆಳಗೆ ಕೂತಳು.

"ನಾನು ಕೊನೇದು ಓದಿರ್ಲಿಲ್ಲ ಕಣೇ," ಎಂದಳು.

"ಗೊತ್ತಾಯ್ತು."

"ಈಗ ಓದ್ದೆ."

ಶಶಿರೇಖಾ ಓರೆಗಣ್ಣಿನಲ್ಲಿ ಅವಳನ್ನು ನೋಡಿದಳು. "ಅತ್ತ್ಯಾ?"

"ಹೂಂ."

"ಅಳು. ನಂಗೇನು."

ಒಂದು ಆಟೋ ಹಾರ್ನ್ ಹೊಡೆಯುತ್ತ ಹೋಯಿತು. ಒಳಗಿನಿಂದ ರುದ್ರೇಶಣ್ಣ, "ಎಲ್ರೂ ಕೂತ್ಕೊಳ್ರಪ್ಪ, ಬಿಸ್ಕೆಟ್ ಕೊಡ್ತೀನಿ" ಎಂದು ಕೂಗುತ್ತಿದ್ದುದು ಕೇಳಿಸಿತು. ಇಬ್ಬರೂ ಏಳಲಿಲ್ಲ.

"ಅದ್ರ ಹೆಸ್ರೇನು?" ಇಂಪನಾ ಕೇಳಿದಳು.

"ಯಾವುದ್ರದು? ಪುಟಾಣಿ ಅಂತ ನೀನೇ ಊರಿಗೆಲ್ಲ ಹೇಳ್ದಲ್ಲ."

"ಅದಲ್ಲ. ನಿನ್ ಮರಿದು."

ಶಶಿರೇಖಾ ತಟ್ಟನೆ ತಿರುಗಿದಳು. ಆ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಇಂಪನಾಗೂ ಆಗಲೇ ಹೊಳೆದದ್ದು: ಇಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ತಾನು ಆ ಮರಿಯ ಹೆಸರನ್ನೇ ಕೇಳಿರಲಿಲ್ಲ.

"ಬೊಟ್ಟಿ," ಎಂದಳು ಶಶಿರೇಖಾ. "ಹಣೆ ಮೇಲೆ ಬಿಳೀ ಬೊಟ್ಟಿತ್ತು. ಅದ್ಕೇ."

"ದೊಡ್ಡದಿತ್ತಾ?"

"ಇಷ್ಟೇ ಇಷ್ಟು." ಅವಳು ಕೈಯಲ್ಲಿ ತೋರಿಸಿದಳು. "ಹುಟ್ಟಿದ್ ದಿನ ತಾತ ಹೆಗಲ ಮೇಲೆ ಹಾಕ್ಕೊಂಡು ಬಂದಿತ್ತು. ಅದ್ರಮ್ಮಂಗೆ ಹಾಲೇ ಇರ್ಲಿಲ್ಲ. ನಾನೇ ಬಾಟ್ಲೀಲಿ ಕುಡಿಸ್ತಿದ್ದೆ. ಕುಡೀವಾಗ ಬಾಲ ಹೆಂಗೆ ಆಡ್ಸದು ಗೊತ್ತಾ? ಫ್ಯಾನ್ ತಿರುಗ್ದಂಗೆ!"

ಅವಳು ನಕ್ಕಳು. ಇಂಪನಾಳೂ ನಕ್ಕಳು. ಬೊಟ್ಟಿ ತಾತ ಚಿತ್ತಯ್ಯನ ಬೀಡಿಕಟ್ಟು ತಿಂದದ್ದು, ಟಿ.ವಿ.ಯಲ್ಲಿ ನಾಯಿ ಬೊಗಳಿದರೆ ಮಂಚದ ಕೆಳಗೆ ನುಗ್ಗುತ್ತಿದ್ದದ್ದು, ರಾತ್ರಿ ಅವಳ ಕಂಬಳಿಯೊಳಗೇ ಬಂದು ಸೇರುತ್ತಿದ್ದದ್ದು, ಎಲ್ಲವನ್ನೂ ಶಶಿರೇಖಾ ಹೇಳಿದಳು. ಹೇಳುತ್ತ ಹೇಳುತ್ತ ಮೆಟ್ಟಿಲಿಳಿದು ಇಂಪನಾಳ ಪಕ್ಕಕ್ಕೇ ಬಂದು ಕೂತಳು.

"ಆವತ್ತು ಸಂಜೆ ಅವ್ವ ದೊಡ್ಡಿ ಬಾಗ್ಲು ಹಾಕು ಅಂದ್ಳು," ಎಂದಳು ಶಶಿರೇಖಾ. ಅವಳ ದನಿ ಇಳಿಯಿತು. "ನಾನು ಹಾಕೋಕೆ ಹೋದೆ..."

ಅಲ್ಲಿಗೆ ನಿಲ್ಲಿಸಿದಳು.

ಮುಂದೆ ಏನು ಬರುತ್ತದೆಂದು ಇಂಪನಾಗೆ ಗೊತ್ತಿತ್ತು. ಎದ್ದು ಒಳಗೆ ಹೋಗೋಣ ಬಾ, ಬಿಸ್ಕೆಟ್ ಮುಗಿದುಹೋಗುತ್ತೆ ಎಂದು ಹೇಳಿಬಿಡಬಹುದಿತ್ತು.

ಅವಳು ಶಶಿರೇಖಾಳ ಕೈ ಹಿಡಿದುಕೊಂಡಳು.

"ಆಮೇಲೆ?" ಎಂದಳು.