ಪರದೆಯಂಚಿನ ಕೆಂಪು ದಾರ

"ಮುಟ್ಟಬೇಡಿ!"

ನೋಡಲು ಬಂದಿದ್ದ ಪರದೇಶದ ಅರಮನೆಯ ಕಾವಲುಗಾರನ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಆದರೂ ಆ ಗದರಿಕೆ ಅರ್ಥವಾಯಿತು. ಚಾಚಿದ ಕೈ ಅರ್ಧಕ್ಕೇ ನಿಂತಿತು.

ರಾಣಿಯ ಮಲಗುವ ಕೋಣೆಯ ಹಸಿರು ರೇಷ್ಮೆ ಪರದೆ. ಅದರ ಅಂಚಿನಲ್ಲಿ ಜೋತಾಡುತ್ತಿದ್ದ ಬೆರಳುದ್ದದ ಕೆಂಪು ದಾರ, ತುದಿಯಲ್ಲಿ ಎರಡು ಸುತ್ತಿನ ಗಂಟು... ಆ ಗಂಟು ಹಾಕುವವನು ಒಬ್ಬನೇ!



ಊರಿನಲ್ಲಿ ಹರಿದ ಹಳೆಯ ಬಟ್ಟೆಗಳನ್ನು ಸರಿಪಡಿಸುವ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಅವನೂ ಅವಳೂ ಒಂದೇ ಮೇಜಿಗೆ ಕೂತವರು. ಅಲ್ಲೊಂದು ಪದ್ಧತಿಯಿತ್ತು. ಕೆಂಪು ದಾರ ಬಿಟ್ಟುಹೋದರೆ 'ಕೆಲಸ ಮುಗಿದಿಲ್ಲ, ವಾಪಸ್ ಬರ್ತೀನಿ' ಎಂದರ್ಥ. ಅದನ್ನು ಕತ್ತರಿಸಿದರೆ ಮುಗಿಯಿತು, ಮತ್ತೆ ಯಾರೂ ಏನೂ ಕೇಳುವಂತಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಬಂದ. ಅವಳ ಏಪ್ರನ್ನನ್ನೇ ಒಂದು ಗಳಿಗೆ ನೋಡಿದ, ಮುಖ ಕಪ್ಪಿಟ್ಟಿತು. ಒಂದು ಮಾತೂ ಆಡದೆ ಹೊರಟುಹೋದ. ಯಾವ ದೇಶಕ್ಕೆಂದೂ ಹೇಳಲಿಲ್ಲ... ಯಾಕೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

"ಏನೇ ಅದು, ದಾರಕ್ಕೆ ಕಣ್ಣೀರು ಹಾಕ್ತಿದೀಯ?" ಜೊತೆಗೆ ಬಂದಿದ್ದ ಅಕ್ಕ ಬಗ್ಗಿ ನೋಡಿದಳು. "ಇಂಥದ್ದೇ ಒಂದು ನಿನ್ನ ಏಪ್ರನ್‌ನಲ್ಲಿ ಜೋತಾಡ್ತಿತ್ತು ಕಣೇ. ಇಸ್ತ್ರಿ ಮಾಡುವಾಗ ನಾನೇ ಕಚಕ್ ಅಂತ ಕತ್ತರಿಸಿದ್ದೆ."

"ಅಕ್ಕಾ..." ಅವಳು ಅಕ್ಕನ ಕೈ ಹಿಡಿದಳು. "ಯಾವಾಗ?"

"ಅವನು ಊರು ಬಿಟ್ಟನಲ್ಲ, ಅದರ ಹಿಂದಿನ ದಿನ."

ಅಯ್ಯೋ! ಏಪ್ರನ್ನಿಗೆ ಆ ದಾರ ಕಟ್ಟಿದ್ದ ಅವನು, ಅವಳೇ ಕತ್ತರಿಸಿದಳೆಂದುಕೊಂಡು ಹೋಗಿದ್ದ. ಚೊಕ್ಕಟದ ಹುಚ್ಚಿನ ಅಕ್ಕ, ತಂಗಿಯ ಬಾಳನ್ನೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದಳು.

"ಭಾವ, ಈ ಪರದೆ ಹೊಲಿದವನು ಎಲ್ಲಿ? ಕೇಳಿ!"

ಎರಡು ವರ್ಷದಿಂದ ಈ ದೇಶದಲ್ಲೇ ಕೆಲಸದಲ್ಲಿದ್ದ ಭಾವ ಕಾವಲುಗಾರನನ್ನು ಕೇಳಿದರು. ಉತ್ತರ ಕೇಳುತ್ತಾ ಅವರ ಮುಖ ಸಣ್ಣದಾಯಿತು.

"ಹೋದ ತಿಂಗಳು ಏಣಿಯಿಂದ ಬಿದ್ದನಂತೆ. ಆಮೇಲೆ ಇತ್ತ ಬಂದಿಲ್ಲವಂತೆ."

"ಬದುಕಿದಾನಾ?"

"ಕಾವಲುಗಾರನಿಗೂ ಗೊತ್ತಿಲ್ಲವಂತೆ ಕಣಮ್ಮ. ತೋಟದ ಕೊನೇಲಿ ಆ ಹೊಲಿಗೆಯವನ ಕೋಣೆ ಇದೆಯಂತೆ..."

ಮುಚ್ಚುವ ಗಂಟೆ ಬಾರಿಸಿತು. ಬಾಗಿಲಲ್ಲಿ ಅಪ್ಪ ಗಡಿಯಾರ ತೋರಿಸಿದರು. ಐದಕ್ಕೆ ಬಸ್ಸು, ಬೆಳಗಾದರೆ ಅಪ್ಪನಿಗೂ ಅವಳಿಗೂ ವಿಮಾನ. ಅವಳು ಯಾರ ಮಾತಿಗೂ ನಿಲ್ಲದೆ ಓಡಿದಳು.

ಆಳೆತ್ತರದ ಬೇಲಿಗಳು ಎರಡೂ ಕಡೆಯಿಂದ ದಾರಿಯನ್ನು ಒತ್ತಿ ಹಿಡಿದಿದ್ದವು. ಅವಳು ದಾಟಿದಂತೆ ಕಾರಂಜಿಗಳು ಒಂದೊಂದಾಗಿ ನಿಂತವು. ಹಿಂದೆ ಎಲ್ಲೋ ಬಾಗಿಲುಗಳಿಗೆ ಅಗುಳಿ ಬೀಳುತ್ತಿತ್ತು. ಅಷ್ಟು ದೊಡ್ಡ ತೋಟದಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಮೇಜಿನ ಮೇಲೆ ಕೆಂಪು ದಾರದ ಉಂಡೆ, ತುಕ್ಕು ಹಿಡಿದ ಸೂಜಿ.

'ತಡವಾಯಿತು... ದೇವರೇ, ತಡವಾಯಿತು!'

"ನೀನಾ?"

ತಿರುಗಿದಳು. ಹೊಸ್ತಿಲಲ್ಲಿ ಅವನು! ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಯಿಂದ ಇಳಿಬಿಟ್ಟಿದ್ದ.

"ಇನ್ಯಾಕೆ ಬಂದೆ? ಕತ್ತರಿಸಿದ್ದಾಯ್ತಲ್ಲ."

"ನಾನಲ್ಲ ಕಣೋ! ನಾನು ಅದನ್ನ ನೋಡೇ ಇಲ್ಲ! ಅಕ್ಕ ಇಸ್ತ್ರಿ ಮಾಡುವಾಗ..." ಮುಂದೆ ಅಳುವೇ ಬಂತು. "ನೀನು ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತಾ?"

ಅವನು ಗೋಡೆಗೆ ಒರಗಿದ.

"ಈ ಕೈ ಮತ್ತೆ ಸೂಜಿ ಹಿಡಿಯಲ್ಲ ಅಂತ ಡಾಕ್ಟರು ಅಂದಿದಾರೆ. ನಾಳೆ ಈ ಕೋಣೆನೂ ಖಾಲಿ ಮಾಡ್ಬೇಕು. ನನ್ನ ಹತ್ರ ಈಗ ಏನೂ ಉಳಿದಿಲ್ಲ. ಹೊರಟುಹೋಗು."

ಅವಳು ಸೂಜಿಯ ತುಕ್ಕನ್ನು ಸೆರಗಿಗೆ ತಿಕ್ಕಿ ಕೆಂಪು ದಾರ ಪೋಣಿಸಿದಳು. ಅವನ ಕೈಕಟ್ಟಿನ ಅಂಚಿಗೆ ಒಂದು ಹೊಲಿಗೆ ಹಾಕಿ, ಎರಡು ಸುತ್ತಿನ ಗಂಟು ಬಿಗಿದಳು. ಅವಸರಕ್ಕೆ ಗಂಟು ಸೊಟ್ಟಗಾಯಿತು.

ಕೊನೆಯ ಗಂಟೆ ಬಾರಿಸಿತು. ದೂರದಲ್ಲಿ ಅಪ್ಪ ಕೂಗುತ್ತಿದ್ದರು.

"ಗೇಟು ಹಾಕ್ತಾರೆ," ಎಂದ ಅವನು. ಕಣ್ಣು ತುಂಬಿತ್ತು. "ಹೋಗ್ತೀಯಾ?"

"ಹೋಗ್ತೀನಿ. ಅಪ್ಪನಿಗೆ ಹೇಳಿ ಬರಬೇಕಲ್ಲ."

"ನಿಜವಾಗ್ಲೂ ಬರ್ತೀಯಾ?"

"ದಾರ ಬಿಟ್ಟಿದೀನಲ್ಲೋ... ನಾನು ಬರೋವರೆಗೂ ಅಕ್ಕನ ಕೈಗೆ ಮಾತ್ರ ಸಿಗಬೇಡ!"